ದಕ್ಕೆಯಲ್ಲಿ ತಣ್ಣಗಿರುವ ಇಂಜಿನ್ ಕಡಲಲ್ಲಿ ಯಾಕೆ ಕಾಯ್ತದೆ

ಬೋಟಿನ ಇಂಜಿನ್ ಬಿಸಿ ಆಗ್ತದೆ ಅಂದ ಕೂಡ್ಲೇ ಥರ್ಮೋಸ್ಟಾಟ್ (ಬಿಸಿ ಏರಿದಾಗ ತಣಿಸುವ ನೀರಿಗೆ ದಾರಿ ತೆರೆಯುವ ವಾಲ್ವ್) ಕಿತ್ತು ಬಿಸಾಡುವವರನ್ನು ಕಂಡ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರ್ತದೆ. ಎಷ್ಟೋ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದೇ ಬೈಪಾಸ್ ದಾರಿಯನ್ನು ಮುಚ್ತದೆ, ಕಿತ್ತು ಹಾಕಿದ್ರೆ ಬೈಪಾಸ್ ಯಾವಾಗ್ಲೂ ತೆರೆದೇ ಇರ್ತದೆ, ಕೂಲೆಂಟಲ್ಲಿ (ಇಂಜಿನ್ ಒಳಗೆ ಸುತ್ತುವ ತಣಿಸುವ ನೀರು) ಒಂದು ಪಾಲು, ಕಡಲ ನೀರಿಂದ ಅದನ್ನು ತಣಿಸುವ ಹೀಟ್ ಎಕ್ಸ್‌ಚೇಂಜರ್‌ಗೆ ಹೋಗದೇ ಇಂಜಿನ್ ಒಳಗೇ ಸುತ್ತು ಹಾಕ್ತದೆ. ಅಂದ್ರೆ ದಕ್ಕೆಯಲ್ಲಿ (ಬೋಟ್ ಕಟ್ಟುವ ಕಟ್ಟೆ) ಲೋಡ್ ಇಲ್ಲದೆ ಓಡುವಾಗ ಇಂಜಿನ್ ತೀರಾ ತಣ್ಣಗಿದ್ದು ಕಾರ್ಬನ್ ಕಟ್ತದೆ, ಬಲೆ ಎಳೆಯುವಾಗ ಮೊದಲಿಗಿಂತ ಜಾಸ್ತಿ ಕಾಯ್ತದೆ. ಎರಡೂ ಕಡೆ ನಷ್ಟ.

ಈ ಏಪ್ರಿಲಲ್ಲಿ ಮಲ್ಪೆಯಲ್ಲಿ ರಿಪೇರಿಗೆ ಅಂತ ನನ್ನ ಕೈಗೆ ಬಂದ ಆಳಸಮುದ್ರ ಬೋಟಿಗೂ ಹಾಗೇ ಮಾಡಿ ಇಟ್ಟಿದ್ರು. ಆರು ಸಿಲಿಂಡರ್ ಟರ್ಬೋ ಇಂಜಿನ್, ಹೀಟ್ ಎಕ್ಸ್‌ಚೇಂಜರ್ ಕೂಲಿಂಗ್, ಎಕ್ಸಾಸ್ಟ್ ಮಾತ್ರ ಡ್ರೈ, ಅಂದ್ರೆ ಹೊಗೆಗೆ ನೀರು ಸೇರಿಸೋದಿಲ್ಲ, ಟರ್ಬೋದಿಂದ ಬೆಲ್ಲೋಸ್ (ಮಡಿಕೆ ಮಡಿಕೆಯ ಬಳುಕುವ ಲೋಹದ ಕೊಳವೆ), ಅಲ್ಲಿಂದ ಪೈಪ್, ಸೈಲೆನ್ಸರ್, ವೀಲ್ ಹೌಸ್ ಹಿಂದೆ ಮೇಲಕ್ಕೆ. ಕಂಪ್ಲೇಂಟ್ ಏನಂದ್ರೆ ದಕ್ಕೆಯಲ್ಲಿ ಇಡೀ ದಿನ ಓಡಿಸಿದ್ರೂ ಏನೂ ಆಗಲ್ಲ, ಬಲೆ ಹಾಕಿ ಎಳೀಲಿಕ್ಕೆ ಶುರು ಮಾಡಿ ಸ್ವಲ್ಪ ಹೊತ್ತು ಆದ ಮೇಲೆ ಗೇಜ್ 95 ದಾಟ್ತದೆ, ಆರ್‌ಪಿಎಂ ಇಳಿಸಿದ್ರೆ ಸರಿ ಆಗ್ತದೆ, ಏರಿಸಿದ್ರೆ ಮತ್ತೆ ಅದೇ. ನಾನು ಹೋಗುವ ಮೊದಲೇ ಇಂಪೆಲ್ಲರ್ (ಕಡಲ ನೀರು ಎಳೆಯುವ ಪಂಪಿನ ರಬ್ಬರ್ ಚಕ್ರ) ಹೊಸತು ಹಾಕಿ ಆಗಿತ್ತು, ಪ್ರೆಶರ್ ಕ್ಯಾಪ್ ಹೊಸತು, ಕೂಲೆಂಟ್ ಹೊಸತು, ಕೊನೆಗೆ ಗೇಜೂ ಹೊಸತು. ಬೋಟಿನ ಧಣಿ ಬಿಲ್ಲುಗಳನ್ನೆಲ್ಲ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ತಂದಿದ್ರು, "ಇನ್ನು ಬದಲಾಯಿಸ್ಲಿಕ್ಕೆ ಇಂಜಿನ್ ಒಂದೇ ಉಳಿದದ್ದು ಮಾರಾಯ" ಅಂದ್ರು. ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ ನಂಗೆ. ಮೇ 31ಕ್ಕೆ ಸೀಸನ್ ಮುಗೀತದೆ, ಜೂನ್ ಜುಲೈ ಬೋಟ್ ಕಡಲಿಗೆ ಇಳಿಯೋ ಹಾಗಿಲ್ಲ, ಏಪ್ರಿಲಲ್ಲಿ ದಕ್ಕೆಗೆ ಕಟ್ಟಿಟ್ಟ ಬೋಟಿನ ಸಾಲದ ಬಡ್ಡಿ ಮಾತ್ರ ಓಡ್ತಾನೇ ಇರ್ತದೆ.

ನಮ್ಮ ಸರ್ವಿಸ್ ಆಫೀಸಿಗೆ ಫೋನ್ ಮಾಡಿದ್ರೆ ನಮ್ಮ ಸರ್ ಹೇಳಿದ್ದು, ಅರ್ಧ ಗಂಟೆ ಓಡಿಸಿ ಟೆಂಪರೇಚರ್ ಬರೆದು ಜಾಬ್ ಕಾರ್ಡ್ ಕ್ಲೋಸ್ ಮಾಡು ಅಂತ. ಜಾಬ್ ಕಾರ್ಡಲ್ಲಿ ಇರೋದೇ ಎರಡು ಕಾಲಂ, ಐಡಲ್ ಮತ್ತೆ ಹೈ ಐಡಲ್, ಅಂದ್ರೆ ಲೋಡ್ ಇಲ್ಲದೆ ಸ್ಲೋ ಓಟ ಮತ್ತೆ ಜೋರು ಓಟ. ಲೋಡ್ ಟ್ರಯಲ್ ಅಂತ ಕಾಲಂ ಇಲ್ಲ, ಕಡಲಿಗೆ ಹೋದ ದಿನಕ್ಕೆ ಭತ್ತೆಯೂ ಇಲ್ಲ. ಹೈ ಐಡಲಲ್ಲಿ ಪಂಪ್ ಜೋರಾಗಿ ತಿರುಗ್ತದೆ, ನೀರು ಚೆನ್ನಾಗಿ ಬರ್ತದೆ, ಆದ್ರೆ ಪ್ರೊಪೆಲ್ಲರಿಗೆ ಲೋಡ್ ಇಲ್ಲ, ಸುಡುವ ಡೀಸೆಲ್ ಕಮ್ಮಿ, ಹುಟ್ಟುವ ಬಿಸಿಯೂ ಕಮ್ಮಿ. ಬಲೆ ಎಳೆಯುವಾಗ ಬೋಟ್ ಓಡೋದು ಮೂರು ನಾಟ್ ಆಸುಪಾಸು, ಇಂಜಿನ್ ಮಾತ್ರ ಪೂರ್ತಿ ದಮ್ ಕಟ್ಟಿ ಕೆಲಸ ಮಾಡ್ತಿರ್ತದೆ. ಡೀಸೆಲಿನ ಶಾಖದಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಹೊಗೆ ಜೊತೆ ಹೋಗ್ತದೆ, ಹತ್ತಿರ ಹತ್ತಿರ ಇನ್ನೊಂದು ಅಷ್ಟೇ ಭಾಗ ನೀರು ಹೊತ್ಕೊಂಡು ಹೋಗ್ಬೇಕು. ಅದ್ರ ಮೇಲೆ ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡಲಿನ ಮೇಲ್ನೀರು 30 ಡಿಗ್ರಿ ಮುಟ್ತದೆ, ಮಳೆಗಾಲದ ಕೊನೆಗೆ ಆಗಸ್ಟ್ ಸೆಪ್ಟೆಂಬರಲ್ಲಿ ಅಡಿಯ ತಣ್ಣೀರು ಮೇಲೆ ಬಂದಿರ್ತದೆ. ಅದಕ್ಕೇ ಸೀಸನ್ ಶುರುವಲ್ಲಿ ಅಡಗಿ ಕೂತ ರೋಗ ಕೊನೆಗೆ ಎದ್ದು ಬರೋದು.

ಹಾಗಾಗಿ ನಾನು ಕಡಲಿಗೆ ಹೋಗಿ ಬಲೆ ಹಾಕಿಯೇ ನೋಡ್ಬೇಕು ಅಂತ ಹಟ ಹಿಡಿದೆ. ಬೋಟ್ ನಡೆಸುವ ತಾಂಡೇಲಣ್ಣ ಒಪ್ಪಿದ್ರು. ಹೊರಡುವ ಮೊದ್ಲು ಸೀ ವಾಟರ್ ಪೈಪಿಗೆ ಎಕ್ಸ್‌ಚೇಂಜರಿನ ಒಳಗೆ ಹೋಗುವ ಕಡೆ ಒಂದು, ಹೊರಗೆ ಬರುವ ಕಡೆ ಒಂದು ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದೆ. ಟೆಂಪರೇಚರ್ ಗನ್ (ನನ್ನ ಸ್ವಂತದ್ದು, ಆಫೀಸಿಂದಲ್ಲ) ಹೊಳೆಯುವ ಪೈಪಿಗೆ ಹಿಡಿದ್ರೆ ಸುಳ್ಳು ಹೇಳ್ತದೆ, ಕಮ್ಮಿ ತೋರಿಸ್ತದೆ, ಕಪ್ಪು ಟೇಪಿಗೆ ಹಿಡಿದ್ರೆ ನಂಬಬಹುದು. ಈ ಎರಡು ಟೇಪಿನ ನಡುವಿನ ವ್ಯತ್ಯಾಸದಲ್ಲೇ ಅರ್ಧ ಉತ್ತರ ಉಂಟು. ಕೂಲೆಂಟ್ ಕಾದಿದೆ, ಆದ್ರೆ ಕಡಲ ನೀರು ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ ಅಂದ್ರೆ ನೀರು ಬೇಕಾದಷ್ಟು ಬರ್ತಾ ಉಂಟು, ಟ್ಯೂಬಿಗೆ ಉಪ್ಪು ಕಟ್ಟಿ ಬಿಸಿ ದಾಟ್ತಾ ಇಲ್ಲ ಅಂತ ಅರ್ಥ. ಹೊರಗೆ ಬರುವ ನೀರು ಸುಡ್ತಾ ಉಂಟು ಅಂದ್ರೆ ಬಿಸಿ ದಾಟ್ತಾ ಉಂಟು, ನೀರೇ ಸಾಲ್ತಾ ಇಲ್ಲ.

ಅಳಿವೆ ದಾಟಿ ಪಡುವಣಕ್ಕೆ ಹೋಗಿ ಬಲೆ ಬಿಟ್ವಿ. ಮೊದಲಿಗೆ ಒಳಗೆ 30, ಹೊರಗೆ 40, ಗೇಜ್ 82. ಏನೂ ತಪ್ಪಿಲ್ಲ. ಸುಮಾರು ಮುಕ್ಕಾಲು ಗಂಟೆ ಹಾಗೇ ಇತ್ತು, ಆಮೇಲೆ ಹೊರಗಿನ ಟೇಪ್ 44 ಆಯ್ತು, 49 ಆಯ್ತು, ನೋಡ್ತಾ ನೋಡ್ತಾ 57. ನೀರು ಕಮ್ಮಿ ಆಗ್ತಾ ಉಂಟು ಅಂತ ಗೊತ್ತಾಯ್ತು, ಆದ್ರೆ ಎಲ್ಲಿ? ಕಡಲ ನೀರಿನ ಕಸ ಸೋಸುವ ಸ್ಟ್ರೇನರ್ ಮುಚ್ಚಳದ ಗಾಜಲ್ಲಿ ನೋಡಿದ್ರೆ ಕಸ ಇಲ್ಲ, ಗಾಳಿ ಗುಳ್ಳೆ ಇಲ್ಲ. ಇಂಪೆಲ್ಲರ್ ಹೊಸತು. ಇಂಜಿನ್ ರೂಮಲ್ಲಿ ಕಣ್ಣು ಉರೀತಾ ಇತ್ತು, ಉಸಿರಿಗೆ ಹೊಗೆ ವಾಸನೆ ಬರ್ತಿತ್ತು, ಏರ್ ಫಿಲ್ಟರ್ ಹೊರಗೆ ಕೈ ಇಟ್ರೆ ಮಸಿ.

ಗೇಜ್ 97. ಮೇಲಿಂದ ತಾಂಡೇಲಣ್ಣ ಕೂಗಿದ್ರು, "ಬಂದ್ ಮಾಡ್ಬೇಕಾ?" ಅಂತ. ಆ ಹೊತ್ತಿಗೆ ಕೈಗೆ ಸಿಗುವ ಸುಲಭದ ಕೆಲಸ ಅದೇ, ಆದ್ರೆ ಕಾದ ಇಂಜಿನನ್ನು ಒಮ್ಮೆಲೇ ನಿಲ್ಲಿಸಿದ್ರೆ ನೀರಿನ ಓಟವೂ ನಿಲ್ತದೆ, ಹೆಡ್ಡಲ್ಲಿ ಟರ್ಬೋದಲ್ಲಿ ಇರುವ ಬಿಸಿ ಎಲ್ಲ ಅಲ್ಲೇ ಕೂತ್ಕೊಳ್ತದೆ. ಬಲೆ ಬೇರೆ ನೀರಲ್ಲಿ ಉಂಟು, ವಿಂಚ್ ತಿರುಗೋದೂ ಇದೇ ಇಂಜಿನಿಂದ, ಇದು ಮತ್ತೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಲಕ್ಷಗಟ್ಟಲೆಯ ಬಲೆ ಅಡಿಯಲ್ಲೇ. "ಬೇಡ ಅಣ್ಣ, ಗೇರ್ ತೆಗೀರಿ, ಇಂಜಿನ್ ಸ್ಲೋದಲ್ಲಿ ಓಡ್ತಾ ಇರ್ಲಿ" ಅಂತ ಕೂಗಿ ಹೇಳಿದೆ. ಅಷ್ಟರಲ್ಲಿ ಬೋಟಿನ ಕೆಲಸದವ ಒಬ್ಬ ಕಲಾಸಿ ಗೋಣಿ ತುಂಡು ಹಿಡ್ಕೊಂಡು ಕೂಲೆಂಟ್ ಕ್ಯಾಪ್ ಹತ್ರ ಕೈ ಹಾಕಿದ್ದ, ನೀರು ಹಾಕುವ ಅಂತ. ಅವನ ಮೊಣಕೈ ಹಿಡಿದು ಹಿಂದೆ ಎಳೆದೆ. ಪ್ರೆಶರಲ್ಲಿ ಇರುವ ನೀರು ನೂರು ಡಿಗ್ರಿ ದಾಟಿದ್ರೂ ಕುದಿಯದೆ ಇರ್ತದೆ, ಕ್ಯಾಪ್ ತಿರುಗಿಸಿದ ಕ್ಷಣ ಒಮ್ಮೆಲೇ ಕುದ್ದು ಮುಖಕ್ಕೇ ಹಾರ್ತದೆ. ಹಾಗೆ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ, ಕುತ್ತಿಗೆಯ ಚರ್ಮ ಇವತ್ತಿಗೂ ಸರಿ ಆಗಿಲ್ಲ.

ಸ್ಲೋದಲ್ಲಿ ಓಡ್ತಾ ಹೊರಗಿನ ಟೇಪ್ 57ರಿಂದ ಇಳೀಲಿಕ್ಕೆ ಶುರು ಆಯ್ತು, ಗೇಜೂ ನಿಧಾನಕ್ಕೆ ಕೆಳಗೆ ಬಂತು. ನೀರಿನ ದಾರಿ ತಾನಾಗೇ ತೆರೀತದೆ ಅಂದ್ರೆ ಇದು ಕಸ ಅಲ್ಲ, ಕಸ ಆದ್ರೆ ಅಲ್ಲೇ ಇರ್ತಿತ್ತು.

ಆಗ ಮೂಲೆಯಲ್ಲಿ ಕೂತಿದ್ದ ಒಡಿಶಾದ ಹುಡುಗ ಮಾತಾಡಿದ. ಎಣ್ಣೆ ನೋಡುವುದು, ಬೋಟಿನ ತಳದಲ್ಲಿ ಸೇರುವ ಬಿಲ್ಜ್ ನೀರು ಖಾಲಿ ಮಾಡುವುದು ಅವನ ಕೆಲಸ, ಬಲೆ ಎಳೆಯುವಾಗ ಇಂಜಿನ್ ರೂಮಿಗೆ ಇಳಿಯುವವನು ಅವನೊಬ್ಬನೇ. ಹಿಂದಿಯಲ್ಲಿ ಹೇಳಿದ, ಆ ಪೈಪ್ ಬಿಸಿ ಆದಾಗ ಚಪ್ಪಟೆ ಆಗ್ತದೆ, ಆಮೇಲೆ ಉಬ್ಬಿ ಸರಿ ಆಗ್ತದೆ ಅಂತ. ಯಾವ ಪೈಪ್ ಅಂದ್ರೆ ಸ್ಟ್ರೇನರಿಂದ ಸೀ ವಾಟರ್ ಪಂಪಿಗೆ ಹೋಗುವ ಹೋಸನ್ನೇ ತೋರಿಸಿದ. ಎಷ್ಟು ದಿನದಿಂದ ಹೀಗೆ ಅಂದ್ರೆ, ತುಂಬ ದಿನ ಆಯ್ತು, ಯಾರೂ ಕೇಳ್ಲಿಲ್ಲ ಅಂದ.

ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಹೋಸಿನ ಮೇಲ್ಭಾಗದಲ್ಲಿ ಒಂದು ಗೇಣು ಉದ್ದ ಕಂದು ಬಣ್ಣ ತಿರುಗಿ ಹೊಳಪು ಬಂದಿತ್ತು, ಬೆರಳಲ್ಲಿ ಒತ್ತಿದ್ರೆ ಆ ಜಾಗ ಮಾತ್ರ ಮೆತ್ತಗೆ. ಅದ್ರ ನೇರ ಮೇಲೆ ಎಕ್ಸಾಸ್ಟ್ ಬೆಲ್ಲೋಸ್. ಬಿಸಿ ತಡೀಲಿಕ್ಕೆ ಅದ್ರ ಮೇಲೆ ಸುತ್ತಿದ ಲ್ಯಾಗಿಂಗ್ ಹಗ್ಗ ಒಂದು ಕಡೆ ಮಾತ್ರ ಕಪ್ಪಾಗಿತ್ತು, ಅದು ಎಣ್ಣೆಯೂ ಕುಡಿದಿತ್ತು, ಅಲ್ಲಿಂದ ಎಳೆ ಎಳೆಯಾಗಿ ಹೊಗೆ. ಅದನ್ನು ಕಂಡಾಗ ನಂಗೆ ಗೇಜಿಗಿಂತ ಜಾಸ್ತಿ ಹೆದರಿಕೆ ಆಯ್ತು. ಲೋಡಲ್ಲಿ ಎಕ್ಸಾಸ್ಟ್ 400 ಡಿಗ್ರಿ ಸುಲಭವಾಗಿ ದಾಟ್ತದೆ, ದೊಡ್ಡ ಹಡಗುಗಳಲ್ಲಿ 220 ಡಿಗ್ರಿ ದಾಟುವ ಯಾವ ಮೈಯನ್ನೂ ಮುಚ್ಚದೆ ಬಿಡಬಾರದು ಅಂತ ನಿಯಮವೇ ಉಂಟು, ಇಲ್ಲಿ ನೋಡಿದ್ರೆ ಮುಚ್ಚಿದ ಹಗ್ಗವೇ ಎಣ್ಣೆ ಕುಡಿದ ಬತ್ತಿ. ಬೆಂಕಿ ನಂದಿಸುವ ಸಿಲಿಂಡರ್ ಕೈಯಲ್ಲಿ ಹಿಡ್ಕೊಂಡೇ ನಿಂತೆ, ಹುಡುಗನನ್ನು ಮೇಲೆ ಕಳಿಸಿದೆ, ಮೇಲಿನ ಮುಚ್ಚಳ ತೆರೆದು ಇಡ್ಲಿಕ್ಕೆ ಹೇಳಿದೆ. ಗೇಜ್ 85ಕ್ಕೆ ಬಂದ ಮೇಲೆ ಕಮ್ಮಿ ಆರ್‌ಪಿಎಂನಲ್ಲಿ ವಿಂಚ್ ಹಾಕಿ ಬಲೆ ಎತ್ತಿದ್ರು. ಆ ಹೊತ್ತು ಬೋಟಲ್ಲಿ ಯಾರೂ ಮಾತಾಡ್ಲಿಲ್ಲ, ಎಲ್ಲರ ಕಣ್ಣು ರೋಪ್ ಮೇಲೆ. ನಿಧಾನಕ್ಕೆ ದಕ್ಕೆಗೆ ಬಂದ್ವಿ.

ಲ್ಯಾಗಿಂಗ್ ಬಿಚ್ಚಿದ್ರೆ ಬೆಲ್ಲೋಸಿನ ಅಡಿಯ ಮಡಿಕೆಯಲ್ಲಿ ಬಿರುಕು, ಅದ್ರ ಬಾಯಿ ಕೆಳಗೆ ಹೋಸಿನ ಕಡೆಗೇ. ಬಿರುಕು ಬಿಡ್ಲಿಕ್ಕೆ ಕಾರಣ ಇನ್ನೂ ಮೇಲೆ ಇತ್ತು, ಸೈಲೆನ್ಸರ್ ಹಿಡಿದಿದ್ದ ಬ್ರಾಕೆಟಿನ ಬೋಲ್ಟ್ ತುಕ್ಕು ಹಿಡಿದು ತುಂಡಾಗಿ ಪೈಪಿನ ಭಾರ ಪೂರ್ತಿ ಬೆಲ್ಲೋಸ್ ಮೇಲೆ ಕೂತಿತ್ತು. ಬೆಲ್ಲೋಸ್ ಇರೋದು ಇಂಜಿನ್ ಅಲುಗಾಟ ತಡೀಲಿಕ್ಕೆ, ಭಾರ ಹೊರ್ಲಿಕ್ಕೆ ಅಲ್ಲ. ಬೋಲ್ಟ್ ಹೋಯ್ತು, ಬೆಲ್ಲೋಸ್ ಒಡೀತು, ಲೋಡಲ್ಲಿ ಬಿಸಿ ಹೊಗೆ ಹೋಸಿಗೆ ಹೊಡೀತು, ತಂತಿ ಇಲ್ಲದ ಹೋಸ್ ಮೆತ್ತಗಾಗಿ ಪಂಪ್ ಎಳೆದಾಗ ಚಪ್ಪಟೆ ಆಯ್ತು, ನೀರು ಕಮ್ಮಿ ಆಯ್ತು. ಜೊತೆಗೆ ಆ ಬಿಸಿ ಹೊಗೆಯನ್ನೇ ಇಂಜಿನ್ ಮತ್ತೆ ಉಸಿರಾಡಿ ಇನ್ನೂ ಕಾಯ್ತಿತ್ತು. ಲೋಡ್ ಇಲ್ಲದಿದ್ರೆ ಹೊಗೆ ಅಷ್ಟು ಸುಡೋದಿಲ್ಲ, ಅದಕ್ಕೇ ದಕ್ಕೆಯಲ್ಲಿ ಯಾರಿಗೂ ಏನೂ ಕಾಣ್ಲಿಲ್ಲ.

ಸಕ್ಷನ್ ಕಡೆಗೆ, ಅಂದ್ರೆ ಪಂಪ್ ನೀರು ಎಳೆಯುವ ಕಡೆಗೆ, ಒಳಗೆ ತಂತಿ ಇರುವ ಹೋಸೇ ಹಾಕ್ಬೇಕು, ಇದು ಹೊಸ ವಿಷಯ ಅಲ್ಲ. ಅಲ್ಲಿ ಇದ್ದದ್ದು ನೀರು ಹೊರಗೆ ಬಿಡುವ ಸಾದಾ ಹೋಸ್, ಹಿಂದಿನ ಸರ್ವಿಸಲ್ಲಿ ಹಾಕಿದ್ದು, ಸ್ಟೋರಲ್ಲಿ ತಂತಿಯದ್ದು ಇರ್ಲಿಲ್ಲ, ಇದ್ದದ್ದು ಕೊಟ್ರು. ಬಿಲ್ಲಲ್ಲಿ ಬರೀ ಹೋಸ್ ಅಂತ ಉಂಟು. ಎಷ್ಟು ಉಳೀತು ಅವರಿಗೆ? ಕೆಲವು ನೂರು ರೂಪಾಯಿ.

ಹುಡುಗನ ಮಾತು ಇನ್ನೂ ಉಂಟು. ದಿನಾ ತಲೆನೋವು, ಕೆಲವು ಸಲ ವಾಂತಿ ಅಂದ. ಬೋಟಲ್ಲಿ ಎಲ್ಲರೂ ಅದನ್ನು ಕಡಲಿನ ಅಭ್ಯಾಸ ಇಲ್ಲದ್ದಕ್ಕೆ ಅಂದ್ಕೊಂಡಿದ್ರು. ಮುಚ್ಚಿದ ಇಂಜಿನ್ ರೂಮಲ್ಲಿ ಒಡೆದ ಬೆಲ್ಲೋಸಿಂದ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮೊದಲು ತಲೆನೋವು, ಆಮೇಲೆ ವಾಂತಿ, ಮಂಪರು, ಅಲ್ಲೇ ನಿದ್ದೆ ಹೋದ್ರೆ ಏಳೋದಿಲ್ಲ. ಚಳಿಗೆ ಅಂತ ರಾತ್ರಿ ಅಲ್ಲೇ ಮಲಗ್ತಿದ್ದ ಅವನು. ಇದನ್ನು ಕೇಳಿ ತಾಂಡೇಲಣ್ಣ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಮತ್ತೆ ಅವನನ್ನು ಅವರೇ ಕರ್ಕೊಂಡು ಆಸ್ಪತ್ರೆಗೆ ಹೋದ್ರು.

ಬ್ರಾಕೆಟ್, ಬೆಲ್ಲೋಸ್, ಹೊಸ ಲ್ಯಾಗಿಂಗ್, ತಂತಿ ಹೋಸಿಗೆ ಎರಡೆರಡು ಕ್ಲಿಪ್, ಥರ್ಮೋಸ್ಟಾಟ್ ವಾಪಸ್. ಎಕ್ಸ್‌ಚೇಂಜರ್ ಮುಚ್ಚಳ ಹೇಗೂ ಬಿಚ್ಚಿದ್ದಕ್ಕೆ ಹಳೇ ಇಂಪೆಲ್ಲರಿನ ಎರಡು ರಬ್ಬರ್ ತುಂಡೂ ಸಿಕ್ಕಿದ್ವು, ಇಂಪೆಲ್ಲರ್ ಬದಲಾಯಿಸಿದವರು ತುಂಡು ಎಲ್ಲಿ ಹೋಯ್ತು ಅಂತ ಹುಡುಕಿರ್ಲಿಲ್ಲ. ಟ್ಯೂಬುಗಳನ್ನು ಹಿಡಿಸೂಡಿ ಕಡ್ಡಿಯಲ್ಲಿ ಒಂದೊಂದಾಗಿ ತೆಗೆದೆ, ಕಬ್ಬಿಣದ ಕಂಬಿ ಹಾಕಿದ್ರೆ ಒಳಗೆ ಗೀರು ಬಿದ್ದು ಅಲ್ಲೇ ತೂತಾಗ್ತದೆ. ಮತ್ತೆ ಬಲೆ ಹಾಕಿ ನೋಡಿದಾಗ ಒಳಗೆ 30, ಹೊರಗೆ 39, ಗೇಜ್ 82, ಬಲೆ ಎತ್ತುವವರೆಗೂ ಅಲ್ಲಾಡ್ಲಿಲ್ಲ.

ಜಾಬ್ ಕಾರ್ಡಿನ ಹಿಂದೆ ಖಾಲಿ ಜಾಗದಲ್ಲಿ ಈ ಲೋಡ್ ಟ್ರಯಲ್ ನಂಬರ್ ಎಲ್ಲ ಬರೆದು ಕೊಟ್ಟಿದ್ದೇನೆ, ಕಾಲಂ ಸೇರಿಸಿ ಅಂತ ಸರ್‌ಗೆ ಮೆಸೇಜೂ ಹಾಕಿದ್ದೇನೆ. ನೋಡುವ ಅಂದಿದ್ದಾರೆ. ಸಾದಾ ಹೋಸಿನ ಸುರುಳಿ ಇನ್ನೂ ಸ್ಟೋರಲ್ಲೇ ಉಂಟು, ಜೂನಲ್ಲಿ ಬೋಟೆಲ್ಲ ದಡದ ಮೇಲೆ ಬಂದಾಗ ನಿಮ್ಮ ಬೋಟಿಗೂ ಅದೇ ಬಂದೀತು, ಫಿಟ್ ಮಾಡುವ ಮೊದ್ಲು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ, ಮಡಿಚಿಕೊಂಡ್ರೆ ವಾಪಸ್ ಕೊಡಿ.