ಒಂದು ಮಾತ್ರೆಯ ಬಾಕಿ

ಶಾಲೆಯ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿ ಎರಡು ವರ್ಷವಾಯಿತು. ಕೆಲಸ, ಕಚೇರಿ, ಓಡಾಟ ಎಂದು ಮುಂದಕ್ಕೆ ಹಾಕುತ್ತಲೇ ಬಂದಿದ್ದವನು, ಕಳೆದ ಶ್ರಾವಣದಲ್ಲಿ ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡರೆಂದು ಗೆಳೆಯನೊಬ್ಬ ಫೋನ್ ಮಾಡಿ ತಿಳಿಸಿದ ರಾತ್ರಿ ಬರೆಯಲು ಕುಳಿತೆ. ಅವರನ್ನು ನಾವು ಕೊಡೆ ಮೇಷ್ಟ್ರು ಎಂದು ಕರೆಯುತ್ತಿದ್ದೆವು. ಮಳೆಗಾಲವಿರಲಿ, ಸುಡುವ ಏಪ್ರಿಲ್ ಇರಲಿ, ಮಡಚಿದ ಕೊಡೆಯ ಹಿಡಿಕೆಯನ್ನು ಅಂಗಿಯ ಕಾಲರಿನ ಹಿಂಬದಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಬೀಸಿಕೊಂಡು ಅವರು ಶಾಲೆಯ ದಿಬ್ಬವನ್ನು ಏರಿ ಬರುವುದನ್ನು ಕಂಡ ಕೂಡಲೇ ನಾವು ಒಳಗೆ ಓಡುತ್ತಿದ್ದೆವು.

1988ರಿಂದ 1991ರವರೆಗೆ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಬದಿಯ ಈ ಶಾಲೆಯಲ್ಲಿ ನಾನು ಎಂಟರಿಂದ ಹತ್ತನೆಯ ತರಗತಿಯವರೆಗೆ ಓದಿದೆ. ಏನು ಓದಿದೆ ಎಂದರೆ ಹೇಳುವುದು ಕಷ್ಟ. ಸಮಾಜ ವಿಜ್ಞಾನದ ಪಾಠಗಳೆಲ್ಲ ಎಲ್ಲಿ ಹೋದವೋ ತಿಳಿಯದು. ನೆನಪಿರುವುದು ನನ್ನ ಮೃದಂಗ, ಅಪ್ಪಯ್ಯನ ಅಡಿಕೆ ತೋಟ ಮತ್ತು ಇವೆರಡರ ನಡುವೆ ಸಂಧಾನ ಮಾಡಿಸಿದ ಕೊಡೆ ಮೇಷ್ಟ್ರು.

ಮಲೆನಾಡಿನಲ್ಲಿ ಮೃದಂಗವನ್ನು ಇಟ್ಟುಕೊಳ್ಳುವುದು ಎಳೆಮಗುವನ್ನು ಸಾಕಿದಂತೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಪಕ್ಕದಲ್ಲಿ ಜೂನ್ ಬಂತೆಂದರೆ ಚರ್ಮದ ಮುಚ್ಚಿಗೆಗಳು ಸಡಿಲವಾಗಿ, ಬಲಗಡೆಯ ನಾದ ಹಳೆಯ ಡಬ್ಬ ತಟ್ಟಿದಂತೆ ಕೇಳುತ್ತಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಬಚ್ಚಲ ಒಲೆಯ ಕಾವು ತಾಗುವಷ್ಟು ಹತ್ತಿರ, ಆದರೆ ಬಲಗಡೆಯ ಕಪ್ಪು ಲೇಪವಾದ ಕರಣೆ ಬಿರಿಯದಷ್ಟು ದೂರ ಅದನ್ನಿಟ್ಟು, ಬೆಚ್ಚಗಾದ ಮೇಲೆ ಕಲ್ಲು ಮತ್ತು ಮರದ ಗೂಟದಿಂದ ಸುತ್ತಲೂ ತಟ್ಟಿ ಶ್ರುತಿಗೆ ತರುವಷ್ಟರಲ್ಲಿ ಐದೂಕಾಲು ಆಗಿರುತ್ತಿತ್ತು. ಎಡಗಡೆಗೆ ರವೆ ಕಲಸಿ ಮೆತ್ತಬೇಕು; ಮುಗಿದ ಮೇಲೆ ಒಂದು ಕಾಳೂ ಉಳಿಯದಂತೆ ಕೆರೆದು ತೆಗೆಯಬೇಕು, ಇಲ್ಲವಾದರೆ ರಾತ್ರಿ ಇಲಿಗಳು ರವೆಯ ಜೊತೆಗೆ ಮುಚ್ಚಿಗೆಯನ್ನೂ ತಿಂದುಹಾಕುತ್ತವೆ. ಹೀಗೆ ಒಂದು ಗಂಟೆಯ ಉಪಚಾರಕ್ಕೆ ಮುಕ್ಕಾಲು ಗಂಟೆಯ ಸಾಧನೆ. ಆಮೇಲೆ ತೋಟದ ದಾರಿಯಲ್ಲಿ ಮೂರು ಮೈಲಿ ನಡೆದು ಶಾಲೆ.

ಅಪ್ಪಯ್ಯ ಕೆಟ್ಟವರಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ, ಅದು ಒಣಗುವ ಮುನ್ನವೇ ಮಳೆ ಬಂದು ತೊಳೆದುಕೊಂಡು ಹೋಗುವುದನ್ನು ವರ್ಷವರ್ಷವೂ ಕಂಡವರಿಗೆ, ತಮ್ಮ ಮಗ ತಿಂಗಳ ಸಂಬಳ ಎಣಿಸುವ ಎಂಜಿನಿಯರ್ ಆಗಲಿ ಎಂಬ ಆಸೆ ಇದ್ದದ್ದು ಸಹಜವೇ. ಮೃದಂಗವನ್ನು ಅವರು ಕೊನೆಯವರೆಗೂ ಮದ್ದಳೆ ಎಂದೇ ಕರೆದರು. ಕೊಯ್ಲಿನ ದಿನಗಳಲ್ಲಿ ಮನೆಯವರೆಲ್ಲ ರಾತ್ರಿ ಅಂಗಳದ ಚಪ್ಪರದಲ್ಲಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯಲು ಕೂರಬೇಕಿತ್ತು. ಒಂದು ಸಲ ನನ್ನ ತೋರುಬೆರಳಿಗೆ ಕತ್ತಿ ತಗುಲಿ ಹದಿನೈದು ದಿನ ಪಾಠ ನಿಂತಾಗ, ಅಮ್ಮ ಯಾರನ್ನೂ ಕೇಳದೆ ನನ್ನನ್ನು ಸುಲಿಯುವ ಕೆಲಸದಿಂದ ಎಬ್ಬಿಸಿ ಅಡಿಕೆ ಹೊರುವುದಕ್ಕೆ ಹಚ್ಚಿದರು. ನನ್ನ ಪಾಲನ್ನು ಅಕ್ಕ ಸುಲಿದಳು. ಶನಿವಾರ ರಾತ್ರಿ ಒಂಬತ್ತೂವರೆಗೆ ಭದ್ರಾವತಿ ಆಕಾಶವಾಣಿಯಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಬರುವಾಗ, ನಾನು ತಾಳ ಹಾಕುತ್ತ ಕೂತಿದ್ದರೆ ಅವಳು ಕೈ ನಿಲ್ಲಿಸದೆ ರಾಗದ ಹೆಸರು ಹೇಳುತ್ತಿದ್ದಳು. ಅವಳನ್ನು ಯಾರೂ ಪಾಠಕ್ಕೆ ಕಳುಹಿಸಲಿಲ್ಲ ಎಂಬುದು ನನಗೆ ಆಗ ಹೊಳೆದಿರಲೂ ಇಲ್ಲ.

ನನ್ನ ಗುರುಗಳಿದ್ದದ್ದು ತೀರ್ಥಹಳ್ಳಿಯಲ್ಲಿ, ತುಂಗೆಯ ದಂಡೆಯ ಬಳಿಯ ಒಂದು ಹಂಚಿನ ಮನೆಯಲ್ಲಿ. ಬುಧವಾರ ಸಂಜೆ ಐದೂವರೆಗೆ ಪಾಠ. ನಾಲ್ಕೂ ಇಪ್ಪತ್ತರ ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು ಆರು ಗಂಟೆಗೆ. ಶಾಲೆ ಬಿಡುವುದು ನಾಲ್ಕೂವರೆಗೆ. ಆ ಹತ್ತು ನಿಮಿಷ ನನ್ನ ಜೀವ ತಿನ್ನುತ್ತಿತ್ತು. ಒಂಬತ್ತನೆಯ ತರಗತಿಯ ಜುಲೈ ತಿಂಗಳ ಒಂದು ಬುಧವಾರ, ಹೊರಗೆ ಮಳೆ ಧೋ ಎಂದು ಹೊಡೆಯುತ್ತಿದ್ದಾಗ, ನೀರು ಕುಡಿದು ಬರುತ್ತೇನೆಂದು ಎದ್ದು ಹೊರಟವನಿಗೆ ಜಗುಲಿಯಲ್ಲಿ ಜವಾನರು ಕಾಣಲಿಲ್ಲ. ಅಲ್ಲಿ ರೈಲು ಕಂಬಿಯ ತುಂಡೊಂದು ತೂಗುತ್ತಿತ್ತು. (ರೈಲನ್ನೇ ಕಾಣದ ನಮ್ಮ ತಾಲ್ಲೂಕಿಗೆ ಆ ಕಂಬಿ ಹೇಗೆ ಬಂತೆಂದು ಇಂದಿಗೂ ಯಾರೂ ಹೇಳಿಲ್ಲ.) ಗಂಟೆ ನಾಲ್ಕೂ ಹತ್ತು. ಸುತ್ತಿಗೆ ತೆಗೆದುಕೊಂಡು ಶಾಲೆ ಬಿಡುವ ಉದ್ದನೆಯ ಬೆಲ್ಲನ್ನು ಬಾರಿಸಿಯೇ ಬಿಟ್ಟೆ.

ಹಳ್ಳ ತುಂಬುವ ದಿನಗಳಲ್ಲಿ ಶಾಲೆಯನ್ನು ಬೇಗ ಬಿಡುವುದು ನಮ್ಮ ಕಡೆ ಹೊಸತಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಹೆಡ್‌ಮಾಸ್ಟರು ಹೇಳಿರಬೇಕೆಂದು ಮೇಷ್ಟ್ರುಗಳೂ, ಮೇಷ್ಟ್ರುಗಳು ಹೇಳಿರಬೇಕೆಂದು ಹೆಡ್‌ಮಾಸ್ಟರೂ ತಿಳಿದುಕೊಂಡು ಕೊಡೆ ಬಿಚ್ಚುವಷ್ಟರಲ್ಲಿ, ಕಂಬಳಿ ಕೊಪ್ಪೆ ಹೊದ್ದ ಇನ್ನೂರು ಮಕ್ಕಳು ದಿಬ್ಬ ಇಳಿದಾಗಿತ್ತು. ನಾನು ನಾಲ್ಕೂ ಇಪ್ಪತ್ತರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ.

ಮರುದಿನ ಪ್ರಾರ್ಥನೆಯ ಹೊತ್ತಿಗೆ ವಿಚಾರಣೆ ನಡೆಯಿತು, ಯಾರೂ ಬಾಯಿ ಬಿಡಲಿಲ್ಲ. ಮೂರನೆಯ ಪೀರಿಯಡ್ಡಿಗೆ ಬಂದ ಕೊಡೆ ಮೇಷ್ಟ್ರು ಹಾಜರಿ ಕರೆಯದೆ, ಸೀಮೆಸುಣ್ಣವನ್ನು ಬೆರಳುಗಳ ನಡುವೆ ತಿರುಗಿಸುತ್ತ ಹೇಳಿದರು: “ನಿನ್ನೆ ಬೆಲ್ಲು ಹೊಡೆದವನು ಕೊನೆಯಲ್ಲಿ ಐದೈದು ಪೆಟ್ಟಿನಂತೆ ಮೂರು ಸಲ ಒಂದೇ ನಮೂನೆ ಹೊಡೆದು ನಿಲ್ಲಿಸಿದ್ದಾನೆ. ನಮ್ಮ ಜವಾನ ಇಷ್ಟು ವರ್ಷದಿಂದ ಹೊಡೆಯುತ್ತಿದ್ದಾನೆ, ಒಂದು ದಿನವೂ ಹಾಗೆ ಹೊಡೆದವನಲ್ಲ. ಏಳೋ.”

ಹೆಸರು ಹೇಳಲಿಲ್ಲ. ನಾನೇ ಎದ್ದೆ. ಕಳ್ಳತನಕ್ಕೆ ಹೋದವನು ತನ್ನ ಸಹಿ ಹಾಕಿ ಬಂದಂತಾಗಿತ್ತು ನನ್ನ ಕೆಲಸ. ಮೃದಂಗ ಕಲಿಯುವವನ ಕೈ ಯಾವುದನ್ನೂ ಸುಮ್ಮನೆ ನಿಲ್ಲಿಸುವುದಿಲ್ಲ. ಒಂದೇ ಸೊಲ್ಲನ್ನು, ಅಂದರೆ ಪೆಟ್ಟುಗಳ ಒಂದು ಗುಂಪನ್ನು, ಮೂರಾವರ್ತಿ ನುಡಿಸಿ, ಮುಕ್ತಾಯ ಮಾಡಿಯೇ ನಿಲ್ಲಿಸುತ್ತದೆ.

ಬೆತ್ತ ಬೀಳುತ್ತದೆಂದು ಕೈ ಚಾಚಿದೆ. ಮೇಷ್ಟ್ರು, “ಮೂರು ಸಲವೇ ಯಾಕೆ? ಎಲ್ಲಿಂದ ಶುರುಮಾಡಬೇಕು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದರು. ಆದಿ ತಾಳಕ್ಕೆ ಎಂಟು ಅಕ್ಷರ, ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ ಒಂದು ಆವರ್ತಕ್ಕೆ 32 ಮಾತ್ರೆ, ಒಂದೇ ಸೊಲ್ಲು ಮೂರು ಸಲ ಬರಬೇಕು, ನಡುವೆ ಎರಡು ಕಡೆ ಕಾರ್ವೆ ಎಂಬ ಸಮನಾದ ಬಿಡುವು ಕೊಡಬೇಕು, ಮುಗಿದ ಕೂಡಲೇ ತಾಳದ ಮೊದಲ ಪೆಟ್ಟಾದ ಸಮ ಸಿಕ್ಕಬೇಕು ಎಂದು ಗುರುಗಳು ಹೇಳಿಕೊಟ್ಟಿದ್ದನ್ನು ತೊದಲುತ್ತ ಒಪ್ಪಿಸಿದೆ. ಅವರು ಬೋರ್ಡಿನ ಕಡೆ ತಿರುಗಿ, ಸೊಲ್ಲು ಎಕ್ಸ್, ಕಾರ್ವೆ ವೈ ಎಂದು ಬರೆದು, ಮೂರು ಎಕ್ಸ್ ಕೂಡಿಸು ಎರಡು ವೈ ಸಮ 32 ಎಂದು ಸಮೀಕರಣ ಹಾಕಿದರು. ಹತ್ತು ಮತ್ತು ಒಂದು, ಎಂಟು ಮತ್ತು ನಾಲ್ಕು, ಆರು ಮತ್ತು ಏಳು, ನಾಲ್ಕು ಮತ್ತು ಹತ್ತು, ಎರಡು ಮತ್ತು ಹದಿಮೂರು. “ಐದೇ ಉತ್ತರ ಕಣ್ರೋ. ಸೊಲ್ಲು ಬೆಸಸಂಖ್ಯೆಯಾದರೆ ಬರೋದೇ ಇಲ್ಲ. ಸಮಕ್ಕೆ ಬರಬೇಕಾದರೆ ಸಮಸಂಖ್ಯೆಯೇ ಬೇಕು!” ಎಂದು ತಮ್ಮ ಮಾತಿಗೆ ತಾವೇ ನಕ್ಕರು. ನಾನು ಧೈರ್ಯ ಮಾಡಿ, “ಐದರದ್ದೂ ಬರುತ್ತೆ ಸಾರ್. ಮೊದಲು ಒಂದು ಮಾತ್ರೆ ಬಿಟ್ಟು ಎತ್ತಿಕೊಂಡರೆ” ಎಂದೆ. ಅವರು ಲೆಕ್ಕ ಮಾಡಿದರು. 31ರಲ್ಲಿ 15 ಕಳೆದರೆ 16, ಕಾರ್ವೆ ಎಂಟು. ಸೀಮೆಸುಣ್ಣ ಕೆಳಗಿಟ್ಟು ನನ್ನನ್ನು ನೋಡಿದ ಅವರ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಪೀರಿಯಡ್ಡಿನಲ್ಲಿ ಆಗಬೇಕಿದ್ದ ಪಾಠ ಆಗಲೇ ಇಲ್ಲ. ಬೆತ್ತವೂ ಬೀಳಲಿಲ್ಲ, ಆದರೆ ಒಂದು ವಾರ ಬೆಳಿಗ್ಗೆ ಜವಾನರ ಜೊತೆ ಕಸ ಗುಡಿಸುವ ಶಿಕ್ಷೆಯಾಯಿತು, ಅದು ನ್ಯಾಯವೇ.

ಆಮೇಲಿನ ಬುಧವಾರಗಳಲ್ಲಿ ಕೊನೆಯ ಪೀರಿಯಡ್ಡು ಅವರದೇ ಆಗಿದ್ದರಿಂದ ನನ್ನನ್ನು ನಾಲ್ಕು ಗಂಟೆಗೆ ಬಿಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಗುರುವಾರ ಬೆಳಿಗ್ಗೆ ಎಂಟೂವರೆಗೆ ಬಂದು ತಪ್ಪಿದ ಪಾಠವನ್ನು ಅವರ ಎದುರು ಕೂತು ಮಾಡಬೇಕು. ಮಳೆಗಾಲದಲ್ಲಿ ಮೃದಂಗವನ್ನು ಮನೆಗೂ ಶಾಲೆಗೂ ಹೊತ್ತು ನೆನೆಸುವುದು ಬೇಡವೆಂದು ಪ್ರಯೋಗಶಾಲೆಯ ಒಂದು ಬೀರುವನ್ನು ಖಾಲಿ ಮಾಡಿಸಿ, ಒಳಗೆ 60 ವ್ಯಾಟಿನ ಬಲ್ಬು ತೂಗುಹಾಕಿಸಿದರು. ಕರೆಂಟು ಇದ್ದ ದಿನ ಬೀರುವಿನ ಬಾಗಿಲ ಸಂದಿನಿಂದ ಹಳದಿ ಬೆಳಕು ಗೆರೆಯಾಗಿ ಬೀಳುತ್ತಿತ್ತು. ಮೊಟ್ಟೆ ಮರಿಯಾಗುವುದು ಯಾವಾಗ ಎಂದು ಹುಡುಗರು ಕೇಳುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಆಸಿಡ್ ಬಾಟಲಿಗಳ ನಡುವೆ ಕೂತು ನಾನು ಮಾಡಿದ ಸಾಧನೆಯೇ ನನ್ನ ಕೈಗೆ ಗಟ್ಟಿತನ ಕೊಟ್ಟಿತೆಂದು ಗುರುಗಳು ಮುಂದೆ ಹೇಳಿದ್ದುಂಟು.

ಅಪ್ಪಯ್ಯನನ್ನು ಒಪ್ಪಿಸಿದ್ದೂ ಅವರೇ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸುವ ಮಂಡಳಿಯೇ ಆಗ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನೂ ನಡೆಸುತ್ತಿತ್ತು. ಮನೆಗೆ ಬಂದು, ಕಾಫಿ ಕುಡಿದು, ಕೊಳೆರೋಗದ ವಿಷಯವನ್ನು ಅರ್ಧ ಗಂಟೆ ಮಾತನಾಡಿ, ಹೊರಡುವಾಗ ಮೆಟ್ಟಿಲ ಮೇಲೆ ನಿಂತು, “ಅದೂ ಸರ್ಕಾರದ್ದೇ ಪರೀಕ್ಷೆ ಹೆಗಡೇರೆ, ಅದೇ ಮಂಡಳಿಯ ಮುದ್ರೆ ಬೀಳುತ್ತೆ” ಎಂದರು. ಅಪ್ಪಯ್ಯನಿಗೆ ಮುದ್ರೆಯ ಮೇಲೆ ಅಪಾರ ನಂಬಿಕೆ. ಜೂನಿಯರನ್ನು ನಾನು ಮೊದಲ ದರ್ಜೆಯಲ್ಲಿ ಮುಗಿಸಿದೆ. ಎಸ್‌ಎಸ್‌ಎಲ್‌ಸಿಯ ಗಣಿತದಲ್ಲಿ 81 ಬಂತು. ಮುಂದೆ ಎಂಜಿನಿಯರೂ ಆದೆ, ವಿದ್ವತ್ತೂ ಆಯಿತು. ಹೇಳಿಕೊಳ್ಳಬಾರದು, ಆದರೂ ಇಂದು ಆಕಾಶವಾಣಿಯ ಬಿ-ಹೈ ಶ್ರೇಣಿಯ ಕಲಾವಿದರ ಪಟ್ಟಿಯಲ್ಲಿ ಈ ಶಾಲೆಯ ಹುಡುಗನೊಬ್ಬನ ಹೆಸರಿದೆ.

ಶಿವಮೊಗ್ಗದಲ್ಲಿರುವ ಅಕ್ಕನ ಮಗಳು ವೀಣೆ ಕಲಿಯುತ್ತಿದ್ದಳು. ಹತ್ತನೆಯ ತರಗತಿ ಮುಗಿಯಲಿ ಎಂದು ಗವುಸು ಹಾಕಿ ಇಟ್ಟ ವೀಣೆಯನ್ನು ಈಗ ನೀಟ್ ಮುಗಿಯಲಿ ಎಂದು ಅಟ್ಟಕ್ಕೆ ಏರಿಸಿದ್ದಾರೆ. ಬೆಳಿಗ್ಗೆ ಐದೂವರೆಗೆ ಅವಳೂ ಏಳುತ್ತಾಳೆ, ಟ್ಯೂಷನ್ನಿಗೆ. ಮೇಷ್ಟ್ರುಗಳನ್ನು ದೂರಿ ಫಲವಿಲ್ಲ. ಮಕ್ಕಳ ಮುಖ ನೋಡುವುದಕ್ಕಿಂತ ಅವರ ವಿವರಗಳನ್ನು ಕಂಪ್ಯೂಟರಿಗೆ ತುಂಬುವುದರಲ್ಲೇ ಅವರ ದಿನ ಮುಗಿಯುತ್ತದೆ. ಈಗ ನಮ್ಮ ಶಾಲೆಯಲ್ಲಿ ಬೆಲ್ಲು ತಾನಾಗಿಯೇ ಹೊಡೆದುಕೊಳ್ಳುತ್ತದಂತೆ.

ಇಷ್ಟು ಬರೆದ ಮೇಲೆ, ಬರೆಯಲು ಕುಳಿತದ್ದು ಯಾವುದಕ್ಕೋ ಅದನ್ನು ಬರೆಯಬೇಕು. 2004ರ ರಾಮನವಮಿಗೆ ಶಿವಮೊಗ್ಗದಲ್ಲಿ ನನ್ನ ಸಂಗೀತ ಕಚೇರಿಯಿತ್ತು. ನಿವೃತ್ತರಾಗಿದ್ದ ಮೇಷ್ಟ್ರು ಬಸ್ಸು ಹಿಡಿದು ಬಂದು, ಚಪ್ಪರದ ಹಿಂದಿನ ಸಾಲಿನಲ್ಲಿ, ಕಾಲರಿಗೆ ಕೊಡೆ ಸಿಕ್ಕಿಸಿಕೊಂಡು ಕೂತಿದ್ದರು. ಅವರನ್ನು ಕಂಡ ಉಬ್ಬಿನಲ್ಲಿ, ತಾಳವಾದ್ಯವಷ್ಟೇ ನುಡಿಯುವ ತನಿ ಆವರ್ತನದ ನಡುವೆ ಅವರಿಗೆಂದೇ ಆ ಎಂಟು ಮತ್ತು ನಾಲ್ಕರ ಮುಕ್ತಾಯವನ್ನು ಎತ್ತಿಕೊಂಡೆ. ಜನ ಚಪ್ಪಾಳೆ ತಟ್ಟಿದರು. ಕಚೇರಿ ಮುಗಿದ ಮೇಲೆ ಪಾನಕದ ಲೋಟ ಹಿಡಿದು ಹತ್ತಿರ ಬಂದ ಮೇಷ್ಟ್ರು, “ಚೆನ್ನಾಗಿತ್ತು ಮಾರಾಯ. ಎರಡನೇ ಕಾರ್ವೆ ಐದು ಬಿಟ್ಟೆ, ನಾಲ್ಕು ಬಿಡಬೇಕಿತ್ತು. ಕೊನೆಯಲ್ಲಿ ಒಂದು ಮಾತ್ರೆ ನುಂಗಿ ಸರಿ ಮಾಡಿದೆ, ಅಲ್ವಾ?” ಎಂದರು. ಸುತ್ತ ನಾಲ್ಕು ಜನ ವಿದ್ವಾಂಸರಿದ್ದರು. “ಇಲ್ಲ ಸಾರ್, ಅದು ಲೆಕ್ಕ ಅಲ್ಲ, ಸ್ವಲ್ಪ ಎಳೆದು ನುಡಿಸಿದ್ದು. ಕೇಳಿಕೇಳಿ ಅಭ್ಯಾಸವಾದವರಿಗೆ ಗೊತ್ತಾಗುತ್ತೆ” ಎಂದೆ. ಅವರು ಹೌದಿರಬಹುದೆಂದು ತಲೆಯಾಡಿಸಿ, ಲೋಟವನ್ನು ತೊಟ್ಟಿಯ ಬಳಿ ಇಟ್ಟು, ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಗೆಳೆಯನೊಬ್ಬ ಕಚೇರಿಯನ್ನು ಟೇಪ್ ಮಾಡಿಕೊಂಡಿದ್ದ. ವಾರದ ಮೇಲೆ ಆ ಕ್ಯಾಸೆಟ್ಟನ್ನು ಹಾಕಿ, ಹಿಂದಕ್ಕೆ ತಿರುಗಿಸಿ ತಿರುಗಿಸಿ, ಬೆರಳೆಣಿಸಿ ಕೇಳಿದೆ. ಆಮೇಲೆ ಅವರನ್ನು ಮೂರು ಸಲ ಕಂಡಿದ್ದೇನೆ: ಒಮ್ಮೆ ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ, ಎರಡು ಸಲ ಮದುವೆ ಮನೆಗಳಲ್ಲಿ. ತೋಟದ ವಿಷಯ, ಮೊಣಕಾಲು ನೋವಿನ ವಿಷಯ ಎಲ್ಲ ಮಾತನಾಡಿದೆವು.

ಐದೇ ಬಿಟ್ಟಿದ್ದೆ, ಸಾರ್.