ನಲ್ಲಿ ನೀರಿನ ಹಿಂದಿನ ನಾಲ್ಕು ಊರು

ಬೋಸ್ಟನ್‌ನಲ್ಲಿ ನಲ್ಲಿ ನೀರನ್ನು ಹಾಗೇ ಕುಡಿಯಬಹುದು. ಬಂದ ಹೊಸತರಲ್ಲಿ ನನಗೆ ಧೈರ್ಯ ಬರಲಿಲ್ಲ. ಕಾರವಾರದ ಮನೆಯಲ್ಲಿ ಮಾಡುವ ಹಾಗೆ ಕಾಯಿಸಿ, ಆರಿಸಿ ಕುಡಿಯುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಹಿರಿಯರು ಹೇಳಿದರು: ಇದು ಕ್ವಾಬಿನ್ ಜಲಾಶಯದ ನೀರು, ನಾಲ್ಕು ಊರು ಖಾಲಿ ಮಾಡಿಸಿ ತಂದದ್ದು. ನನಗೆ ತಟ್ಟನೆ ನಮ್ಮ ಕಡೆ ಅಣೆಕಟ್ಟಿಗೆ ಮುಳುಗಿದ ಸೂಪಾ ನೆನಪಾಯಿತು.

ಈ ನಗರಕ್ಕೆ ನೀರು ಸಾಲದ್ದು ಹಳೇ ಕಥೆ. 1790ರ ದಶಕದಲ್ಲೇ ಒಂದು ಕಂಪನಿ ಮರದ ದಿಮ್ಮಿಗಳನ್ನು ಉದ್ದಕ್ಕೆ ಕೊರೆದು, ಅವನ್ನೇ ಕೊಳವೆ ಮಾಡಿ ಜಮೈಕಾ ಪಾಂಡ್ ಎಂಬ ಕೆರೆಯಿಂದ ನೀರು ತಂದಿತ್ತು. ಅದು ಸಾಲದಾದಾಗ ಇನ್ನೂ ದೂರದ ಕೆರೆ. 1848ರ ಅಕ್ಟೋಬರ್ 25ರಂದು ಆ ನೀರು ಊರೊಳಗೆ ಬಂತು. ಬೋಸ್ಟನ್ ಕಾಮನ್ ಮೈದಾನದ ಕೊಳದಲ್ಲಿ ಕಾರಂಜಿ ಚಿಮ್ಮಿತು, ಜನ ಜಾತ್ರೆಯಂತೆ ಸೇರಿದ್ದರು. ಆಮೇಲೆ ವಾಚುಸೆಟ್ ಜಲಾಶಯ. ಅದೂ ಸಾಲಲಿಲ್ಲ.

ಕೊನೆಗೆ ಕಣ್ಣು ಬಿದ್ದದ್ದು ಸುಮಾರು ನೂರು ಕಿಲೋಮೀಟರ್ ಪಶ್ಚಿಮದ ಸ್ವಿಫ್ಟ್ ನದಿಯ ಕಣಿವೆಯ ಮೇಲೆ. ಡೇನಾ, ಎನ್‌ಫೀಲ್ಡ್, ಗ್ರೀನಿಚ್, ಪ್ರೆಸ್ಕಾಟ್. 1938ರ ಏಪ್ರಿಲ್ 27ರ ರಾತ್ರಿ ಎನ್‌ಫೀಲ್ಡ್‌ನ ಪುರಭವನದಲ್ಲಿ ಕೊನೆಯ ಕೂಟ ಸೇರಿತು. ಹನ್ನೆರಡು ಹೊಡೆಯಿತು, ನಾಲ್ಕೂ ಊರು ಕಾನೂನಿನ ಲೆಕ್ಕದಲ್ಲಿ ಇಲ್ಲವಾದವು. ಸುಮಾರು 2,500 ಜನ ಮನೆ ಬಿಟ್ಟರು. 7,500ರಷ್ಟು ಸಮಾಧಿಗಳನ್ನು ಅಗೆದು ಬೇರೆಡೆ ಸಾಗಿಸಿದರು. ಸತ್ತವರೂ ಊರು ಬಿಡಬೇಕಾಯಿತು ಅಂದರೆ ಅದೆಂಥ ಸಂಕಟ, ಅಲ್ವಾ? ಆ ಕಣಿವೆಯಲ್ಲಿ ಕ್ವಾಬಿನ್ ಜಲಾಶಯ ತುಂಬಲು 1946 ಬಂತು.

ಕ್ವಾಬಿನ್‌ನಲ್ಲಿ ಸುಮಾರು 55 ಟಿಎಂಸಿ ನೀರು ನಿಲ್ಲುತ್ತದೆ. ನಮ್ಮ ಸೂಪಾದಲ್ಲಿ 147! ಸೂಪಾದ್ದು ಕರೆಂಟಿಗಾಗಿ, ಇದು ಕುಡಿಯುವುದಕ್ಕಾಗಿ. ಅಷ್ಟೇ ವ್ಯತ್ಯಾಸ. ಕಾಳಿ ಮತ್ತು ಪಾಂಢರಿ ಸೇರುವಲ್ಲಿದ್ದ ಹಳೇ ಸೂಪಾ ನನ್ನ ಅಜ್ಜಿಯ ತವರು. ಊರು ಮುಳುಗಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ಅಜ್ಜಿ ಇವತ್ತಿಗೂ ತವರಿನ ಮಾತು ಬಂದರೆ ಮನೆಗಿಂತ ಮೊದಲು ಅಂಗಳದ ಬಾವಿಯನ್ನೇ ನೆನೆಯುತ್ತಾಳೆ.

ಹೋದ ತಿಂಗಳು ಡೇನಾಕ್ಕೆ ನಡೆದುಕೊಂಡು ಹೋಗಿದ್ದೆ. ಊರಿನ ನಡುಭಾಗ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ಮುಟ್ಟಿಲ್ಲ. ಮನೆಗಳನ್ನು ಮಾತ್ರ ಕೆಡವಿದ್ದಾರೆ. ಕಲ್ಲು ಕಟ್ಟಿದ ನೆಲಮಾಳಿಗೆಯ ಗುಂಡಿಗಳು ಹಾಗೇ ಇವೆ, ಒಳಗೆ ಮರ ಬೆಳೆದಿವೆ. ಮನೆ, ಬದುಕು ಬಿಟ್ಟುಕೊಟ್ಟವರ ನೆನಪಿಗೆ ಒಂದು ಕಲ್ಲು ನೆಟ್ಟಿದ್ದಾರೆ. ಒಂದು ಗುಂಡಿಯ ಪಕ್ಕದ ಕಲ್ಲಿನ ಮೆಟ್ಟಿಲ ಮೇಲೆ ಸುಮ್ನೆ ಕೂತೆ. ಅಲ್ಲಿಂದ ಮುಂದೆ ಮನೆಯಿಲ್ಲ, ಬರೀ ಎಲೆ.

ರಾತ್ರಿ ಅಜ್ಜಿಗೆ ವಾಟ್ಸಾಪ್‌ನಲ್ಲಿ ಫೋಟೊ ತೋರಿಸಿದೆ. ತುಂಬಾ ಹೊತ್ತು ನೋಡಿದಳು.

"ಇವರ ಬಾವಿ ಎಲ್ಲುಂಟು ಮಗಾ?" ಎಂದು ಕೇಳಿದಳು.