ಮೂತಿ ಚೂರಿ, ಬಾಲ ಅಂಬಲಿ

ಕಾರು ಓಟದ ಕೆ-1000 ರ‍್ಯಾಲಿ ನಮ್ಮ ತುಮಕೂರು ಕಡೆ ಬಂದಾಗ ತೆಗೆದ 412 ಫೋಟೋಗಳಲ್ಲಿ ಉಳಿಸಿಕೊಂಡದ್ದು ಮೂರು. ಆ ಮೂರಕ್ಕೂ ಒಂದೇ ರೋಗ. ಕಾರಿನ ಮೂತಿ ಚೂರಿಯ ಹಾಗೆ ಚೂಪಾಗಿದೆ, ಬಾನೆಟ್ ಮೇಲಿನ ಸ್ಟಿಕ್ಕರ್ ಓದಬಹುದು. ಹಿಂದಿನ ಬಾಗಿಲಿನಿಂದಾಚೆ ಎಲ್ಲ ಅಂಬಲಿ.

ರ‍್ಯಾಲಿಯ ಕಷ್ಟ ನಿಮಗೆ ಗೊತ್ತೇ ಇದೆ. ಟ್ರ್ಯಾಕ್ ರೇಸಿನ ಹಾಗೆ ಅದೇ ಕಾರು ಸುತ್ತಿ ಸುತ್ತಿ ಬರುವುದಿಲ್ಲ. ಒಂದೊಂದಾಗಿ ಬಿಡುತ್ತಾರೆ. ವಿಷಲ್ ಕೇಳಿಸುತ್ತದೆ, ಧೂಳು ಕಾಣಿಸುತ್ತದೆ, ಕಾರು ಹೋಗಿಯೇ ಬಿಟ್ಟಿರುತ್ತದೆ. ಷಟರನ್ನು 1/500 ಸೆಕೆಂಡು ಮಾತ್ರ ತೆರೆದು ತೆಗೆದರೆ ಎಲ್ಲವೂ ಚೂಪಾಗಿ ಬರುತ್ತದೆ ನಿಜ. ಆದರೆ ಕಾರು ಷೋರೂಮ್ ಮುಂದೆ ನಿಲ್ಲಿಸಿದ ಹಾಗಿರುತ್ತದೆ. ನನಗೆ ಬೇಕಾದ್ದು 1/30, ಕಾರಿನ ಜತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವ ಪ್ಯಾನಿಂಗ್. ಹಿಂದಿನ ಬೇಲಿ, ಜಾಲಿಮರ ಎಲ್ಲ ಗೀರು ಗೀರಾಗಬೇಕು, ಕಾರು ಮಾತ್ರ ನಿಲ್ಲಬೇಕು.

ಮೊದಲ ಅನುಮಾನ ಫಿಲ್ಟರ್ ಮೇಲೆ. ಮಟಮಟ ಮಧ್ಯಾಹ್ನ ಐಎಸ್‌ಒ 100, 1/30 ಅಂದರೆ ಲೆನ್ಸಿನ ಕಿಂಡಿಯನ್ನು ಎಫ್32ರ ಹತ್ತಿರದ ತನಕ ಮುಚ್ಚಬೇಕು. ಅಷ್ಟು ಮುಚ್ಚಿದರೆ ಚಿತ್ರ ಮೆತ್ತಗಾಗುತ್ತದೆ, ಜತೆಗೆ ಸೆನ್ಸರ್ ಮೇಲಿನ ಒಂದೊಂದು ಧೂಳಿನ ಕಣವೂ ಹಾಜರಿ ಹಾಕುತ್ತದೆ. ಬೆಳಕನ್ನು ಎಂಟನೇ ಒಂದಕ್ಕೆ ತಗ್ಗಿಸುವ ಕಪ್ಪು ಫಿಲ್ಟರ್ ಎನ್‌ಡಿ8 ಇದ್ದರೆ ಎಫ್11ಕ್ಕೆ ಇಳಿಯಬಹುದು. ಸರಿ, 67 ಮಿಮೀ ಎನ್‌ಡಿ8 ಆರ್ಡರ್ ಮಾಡಿದೆ. ಬಂದದ್ದು 77. ವಾಪಸ್ ಕಳಿಸಿದೆ. ಎರಡನೇ ಸಲ 67 ಬಂತು, ಆದರೆ ಅದು ತಿರುಗಿಸಿ ಕಪ್ಪು ಮಾಡುವ ವೇರಿಯಬಲ್ ಎನ್‌ಡಿ. ಫೋನ್ ಮಾಡಿದರೆ ಅಂಗಡಿಯವರು, 'ಸರ್, ಅದು ಇನ್ನೂ ಒಳ್ಳೇದು, ಅದೇ ರೇಟಿಗೆ ಕೊಟ್ಟಿದೀವಿ' ಅಂದರು. ಉಪಕಾರ ಮಾಡಿದವರ ದನಿ! ಟ್ರೈಪಾಡ್ ಮೇಲಿಟ್ಟು, ನಿಂತಿದ್ದ ಟ್ರ್ಯಾಕ್ಟರನ್ನು 300 ಮಿಮೀಯಲ್ಲಿ ಫಿಲ್ಟರ್ ಹಾಕಿ ಒಂದು, ತೆಗೆದು ಒಂದು ಹೊಡೆದು ನೋಡಿದೆ. ಹಾಕಿದಾಗ ನಿಂತ ಟ್ರ್ಯಾಕ್ಟರ್ ಕೂಡ ಮಂಕು. ಆ ಫಿಲ್ಟರ್ ಈಗ ಡ್ರಾಯರ್‌ನಲ್ಲಿದೆ. ಆದರೆ ಮಂಕಾದರೆ ಇಡೀ ಕಾರು ಮಂಕಾಗಬೇಕಿತ್ತು, ಬಾಲ ಮಾತ್ರ ಯಾಕೆ?

ಎರಡನೇ ಅನುಮಾನ ವಿಆರ್ ಮೇಲೆ, ಅಂದರೆ ಕೈನಡುಕ ಚಿತ್ರಕ್ಕೆ ತಾಗದ ಹಾಗೆ ಲೆನ್ಸಿನೊಳಗೇ ಇರುವ ವ್ಯವಸ್ಥೆ. ಇಲ್ಲಿ ಮಾನ ಹೋಗುವ ವಿಷಯ ಒಂದಿದೆ. ನನ್ನ ನಿಕಾನ್ 70-300ರಲ್ಲಿ ನಾರ್ಮಲ್, ಆಕ್ಟಿವ್ ಅಂತ ಸ್ವಿಚ್ ಇದೆಯಲ್ಲ. ಆಕ್ಟಿವ್ 'ಓಡುವ ಗಾಡಿಗೆ' ಅಂತ ಎಲ್ಲೋ ಓದಿದ್ದೆ. ಓಡುವ ಗಾಡಿಯನ್ನು ತಾನೇ ತೆಗೆಯುತ್ತಿದ್ದೇನೆ ಅಂತ ಎಂಟು ತಿಂಗಳು ಅದನ್ನೇ ಹಾಕಿಕೊಂಡಿದ್ದೆ. ಅದು ಓಡುವ ಗಾಡಿಯಲ್ಲಿ ಕೂತು ತೆಗೆಯುವವರಿಗೆ! ಪ್ಯಾನಿಂಗ್‌ಗೆ ಬೇಕಾದ್ದು ನಾರ್ಮಲ್. ಸ್ವಿಚ್ ಸರಿಸಿದ ಮೇಲೆ ನೂರಕ್ಕೆ ನಾಲ್ಕು ಬರುತ್ತಿದ್ದದ್ದು ಹದಿನೈದಾಯಿತು. ಬಾಲದ ಅಂಬಲಿ ಹಾಗೇ ಇತ್ತು.

ಇಂಥ ಹೊತ್ತಿನಲ್ಲಿ ನಾನು ಫ್ರೆಂಚ್ ಫೋಟೋಗ್ರಾಫರ್ ಲಾರ್ತಿಗ್‌ನನ್ನು ನೆನೆಸಿಕೊಳ್ಳುತ್ತೇನೆ. ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನ ಗ್ರಾಂಡ್ ಪ್ರೀಯಲ್ಲಿ ಈ ಹುಡುಗ ಕಾರಿನ ಹಿಂದೆ ಕ್ಯಾಮೆರಾ ತಿರುಗಿಸಿದ. ಆದರೆ ಕಾರಿನಷ್ಟು ವೇಗವಾಗಿ ತಿರುಗಿಸಲು ಆಗಲಿಲ್ಲ. ಷಟರ್‌ನ ಸೀಳು ಪ್ಲೇಟಿನ ಉದ್ದಕ್ಕೂ ಸರಿಯುವಷ್ಟರಲ್ಲಿ ಚಕ್ರ ಮುಂದಕ್ಕೆ ವಾಲಿ ಮೊಟ್ಟೆಯಾಯಿತು, ನಿಂತ ಜನ ಹಿಂದಕ್ಕೆ ವಾಲಿದರು. ಆ ತಪ್ಪು ಪ್ಯಾನಿಂಗನ್ನು ಜಗತ್ತೇ ನೋಡಿತು. ನನ್ನದು ರೀಸೈಕಲ್ ಬಿನ್ ನೋಡಿತು.

ಕೊನೆಗೆ ಕಾಗದ, ಪೆನ್ಸಿಲ್ ಹಿಡಿದೆ. ಕಾರು ಗಂಟೆಗೆ 80 ಕಿಮೀ, ನನ್ನಿಂದ ರಸ್ತೆಗೆ 20 ಮೀಟರ್. 1/30 ಸೆಕೆಂಡಿನಲ್ಲಿ ಕಾರು 74 ಸೆಂಮೀ ಸರಿಯುತ್ತದೆ. ನೇರ ಎದುರಿಗೆ ಬಂದಾಗ ತೊಂದರೆ ಕಡಿಮೆ. ನಾಲ್ಕು ಮೀಟರ್ ಉದ್ದದ ಕಾರಿನ ಮೂತಿಯೂ ಬಾಲವೂ ತಿರುಗುವ ವೇಗದಲ್ಲಿ ನಡುವಿಗಿಂತ ಶೇ 1ರಷ್ಟು ಮಾತ್ರ ಹಿಂದೆ ಬೀಳುತ್ತವೆ. ಆದರೆ ನಾನು ಬೆರಳು ಒತ್ತುವಾಗ ಕಾರು ಹತ್ತು ಮೀಟರ್ ಮುಂದೆ ಹೋಗಿರುತ್ತಿತ್ತು. ಆಗ ಕ್ಯಾಮೆರಾದ ಕಣ್ಣಿಗೆ ಮೂತಿಗಿಂತ ಬಾಲ ಶೇ 17ರಷ್ಟು ಜಾಸ್ತಿ ವೇಗದಲ್ಲಿ ತಿರುಗುತ್ತದೆ. ಫೋಕಸ್ ಪಾಯಿಂಟ್ ಮೂತಿಯ ಮೇಲೆ, ನನ್ನ ಕೈ ಮೂತಿಯ ಜತೆ. ಬಾಲದ ಗತಿ ಕೇಳುವವರಿಲ್ಲ.

ಅಂದರೆ ಎರಡು ದಾರಿ. ದೂರ ಸರಿದು ಉದ್ದ ಲೆನ್ಸ್ ಹಾಕುವುದು ಒಂದು. ಸರಿಯಾಗಿ ಎದುರಿಗೆ ಬಂದಾಗಲೇ ಒತ್ತುವುದು ಇನ್ನೊಂದು. ಕ್ಯಾತ್ಸಂದ್ರದ ಹತ್ತಿರ ಎರಡು ಭಾನುವಾರ ಬಸ್ಸುಗಳ ಮೇಲೆ ಅಭ್ಯಾಸ ಮಾಡಿದೆ. ಪರವಾಗಿಲ್ಲ ಅನ್ನುವ ಹಾಗೆ ಬಂತು. ತಿರುವಿಗೆ ಹೋದರೆ ಮತ್ತೆ ಅದೇ ಕಥೆ. ರ‍್ಯಾಲಿಯಲ್ಲಿ ತಿರುವು ಬಿಟ್ಟು ನೇರ ರಸ್ತೆ ತೆಗೆಯುವುದು ಊಟ ಬಿಟ್ಟು ಎಲೆ ತಿಂದ ಹಾಗೆ, ಅಲ್ವಾ?

ಸಂಕ್ರಾಂತಿಗೆ ಗುಬ್ಬಿ ಹತ್ತಿರ ನಮ್ಮೂರಿಗೆ ಹೋಗಿದ್ದೆ. ಜಗಲಿ ಮೇಲೆ ಕೂತು ಗೊಣಗುತ್ತಿದ್ದಾಗ ಅಪ್ಪ ಹಳೇ ಕಾಲದ ಒಕ್ಕಣೆ ಮಾತು ತೆಗೆದರು. ಈಗೆಲ್ಲ ಹುರುಳಿಯನ್ನು ಟಾರು ರಸ್ತೆಗೆ ಹರಡಿ ಬಸ್ಸಿನವರ ಕೈಲಿ ಒಕ್ಕಣೆ ಮಾಡಿಸುತ್ತಾರೆ, ಆಗ ಹಾಗಲ್ಲ, ಕಣದ ನಡುವೆ ಮೇಟಿ ನೆಟ್ಟು ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತಿಸುತ್ತಿದ್ದರು ಅಂತ. 'ಮೇಟಿ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗೆ ತಿರುಗ್ತದೆ. ತುದಿಯದು ಓಡ್ಬೇಕು. ಆದ್ರೂ ಸಾಲು ಮುರಿಯಲ್ಲ ಕಣೋ.'

ಕೈಲಿದ್ದ ಕಾಫಿ ಲೋಟ ಹಾಗೇ ಇಟ್ಟೆ. ನಾನು ಇಷ್ಟು ದಿನ ಕಣದ ಹೊರಗೆ ನಿಂತು ಎತ್ತು ನೋಡುತ್ತಿದ್ದೆ. ಮೇಟಿಯ ಜಾಗದಲ್ಲಿ ನಿಂತರೆ ಮೂತಿ, ಬಾಗಿಲು, ಬಾಲ ಎಲ್ಲ ಒಂದೇ ವೇಗದಲ್ಲಿ ತಿರುಗುತ್ತವೆ. ದೂರವೂ ಬದಲಾಗುವುದಿಲ್ಲ, ಆಟೋಫೋಕಸ್‌ಗೂ ನೆಮ್ಮದಿ.

ರಾಗಿ ಕೊಯ್ದ ಹೊಲ ಖಾಲಿ ಇತ್ತು. ಗೂಟ ಹೊಡೆದು, 15 ಮೀಟರ್ ಹಗ್ಗ ಕಟ್ಟಿ, ಸುಣ್ಣದ ಪುಡಿಯಲ್ಲಿ ವೃತ್ತ ಎಳೆದೆ. ಅಪ್ಪನ ಸ್ಪ್ಲೆಂಡರ್, ಓಡಿಸಲು ತಮ್ಮ. ಗಂಟೆಗೆ 25 ಕಿಮೀ ದಾಟಬೇಡ, ಮಣ್ಣು ಜಾರುತ್ತದೆ ಅಂತ ಹೇಳಿದ್ದೆ. ಒಂದು ಸುತ್ತಿಗೆ ಹದಿನಾಲ್ಕು ಸೆಕೆಂಡು. ಹತ್ತು ಸುತ್ತಿಗೆ ಅವನಿಗೆ ಬೇಜಾರು, ನನಗೆ ತಲೆಸುತ್ತು.

'ಅಣ್ಣ, ಇನ್ನೆಷ್ಟು ರೌಂಡು? ಪೆಟ್ರೋಲು ನಿಮ್ಮಪ್ಪ ಹಾಕಿಸ್ತಾರಾ?' ಅಂದ. ಇಬ್ಬರಿಗೂ ಒಬ್ಬರೇ ಅಪ್ಪ. ಹಾಕಿಸಿದ್ದೂ ಅವರೇ.

'ಹಿಂಭಾಗ ಚೂಪಾಗಿ ಬರೋವರೆಗೆ' ಅಂದೆ.

'ಹಿಂಭಾಗ ಹೆಂಗಿದ್ರೇನು ಬಿಡಣ್ಣ, ಮುಖ ಚೆನ್ನಾಗಿ ಬಂದ್ರೆ ಸಾಕು.'

ತಲೆಸುತ್ತಿನ ನಡುವೆ ಒಂದು ಐಡಿಯಾ ಹುಟ್ಟಿತು, ಬರೆದಿಟ್ಟುಬಿಡುತ್ತೇನೆ. ಕೊಟ್ಟಿಗೆಯಲ್ಲಿ ಹಳೇ ಸೈಕಲ್ ಒಂದಿದೆ. ಅದರ ಮುಂದಿನ ಚಕ್ರದ ಹಬ್ ಬೆಣ್ಣೆಯ ಹಾಗೆ ತಿರುಗುತ್ತದೆ. ಅದನ್ನು ಮೊನೊಪಾಡ್ ಅನ್ನುವ ಒಂಟಿಕಾಲಿನ ಸ್ಟ್ಯಾಂಡಿನ ತಲೆಗೆ ನೆಟ್ಟಗೆ ಕೂರಿಸಿದರೆ ಬಿಟ್ಟಿ ಪ್ಯಾನ್ ಹೆಡ್. ಗ್ರೀಸ್ ಗಟ್ಟಿಯದು ಹಾಕಿದರೆ ಜರ್ಕ್ ಕೂಡ ಬರಲಿಕ್ಕಿಲ್ಲ. ಬಿ.ಎಚ್. ರಸ್ತೆಯ ವೆಲ್ಡಿಂಗ್ ಅಂಗಡಿಯವರಿಗೆ ಚಿತ್ರ ಬರೆದು ಕೊಟ್ಟಾಗಿದೆ. 'ನಾಳೆ ಬನ್ನಿ' ಅಂದಿದ್ದಾರೆ. ಆ ನಾಳೆ ಯಾವುದು ಅಂತ ಕೇಳಿಲ್ಲ.

ಹದಿನೇಳನೇ ಸುತ್ತಿನಲ್ಲಿ ಸಿಕ್ಕಿತು. 1/15, ಅಂದರೆ ಷಟರ್ ತೆರೆದಿದ್ದಷ್ಟರಲ್ಲಿ ಬೈಕು ಅರ್ಧ ಮೀಟರ್‌ನಷ್ಟು ಓಡಿದೆ. ಹಿಂದಿನ ತೆಂಗಿನ ಸಾಲು ಪೂರಾ ಹಸಿರು ಗೆರೆ. ಹೆಡ್‌ಲೈಟಿನಿಂದ ಮಡ್‌ಗಾರ್ಡ್ ತನಕ ಬೈಕು ಕೊರೆದಿಟ್ಟ ಹಾಗಿದೆ.

ನಿಜವಾದ ರ‍್ಯಾಲಿ ತಿರುವಿಗೆ ಸುಣ್ಣದ ವೃತ್ತ ಇರುವುದಿಲ್ಲ, ಗೊತ್ತು. ಕಾರು ತಿರುವಿಗೆ ಬೀಳುವ ಕ್ಷಣದಲ್ಲಿ ಬಾಲ ಬೀಸಿ ಬರುತ್ತದೆ, ಆಗ ಒತ್ತಿದರೆ ಮತ್ತೆ ಅಂಬಲಿಯೇ. ಕಾರು ಒಂದೇ ಸಮನೆ ಜಾರಲು ಶುರುವಾದ ಮೇಲೆ, ತಿರುವಿನ ನಡುವೆ ಒತ್ತಬೇಕು. ಒಳಬದಿಯಲ್ಲಿ, ಜನರ ಸುರಕ್ಷತೆ ನೋಡುವ ಮಾರ್ಷಲ್ ಒಪ್ಪುವಷ್ಟು ದೂರದಲ್ಲಿ, ದಿಬ್ಬವೋ ಕೆರೆ ಏರಿಯೋ ಸಿಕ್ಕರೆ ಅದರ ಮೇಲೆ ನಿಲ್ಲಬೇಕು. ಹೊರಬದಿಯಲ್ಲಿ ಬೇಡವೇ ಬೇಡ. ಹಿಡಿತ ತಪ್ಪಿದ ಕಾರು ಸಾಮಾನ್ಯವಾಗಿ ಬರುವುದು ಅಲ್ಲಿಗೇ.

ರಾತ್ರಿ ಲ್ಯಾಪ್‌ಟಾಪಿನಲ್ಲಿ ಅಪ್ಪನಿಗೆ ತೋರಿಸಿದೆ. ಮೇಟಿ ಕಥೆಗೆ ಗುರುದಕ್ಷಿಣೆ ಅಂತ. ಮೊದಲು ನೋಡಿದ್ದು ಮಗನ ಮುಖ. ಆಮೇಲೆ, 'ಹಿಂಭಾಗ ನೋಡಿ ಅಪ್ಪ, ಹಿಂಭಾಗ' ಅಂತ ನಾನೇ ಹಿಗ್ಗಿಸಿ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಬಗ್ಗಿದರು.

'ಟೈಲ್ ಲೈಟಿಗೆ ಕೆಂಪು ಟೇಪ್ ಯಾಕೋ ಸುತ್ತಿದೆ?'

ತಮ್ಮ ಅಷ್ಟರಲ್ಲಿ ದನಕ್ಕೆ ನೀರು ಕುಡಿಸಲು ಕೊಟ್ಟಿಗೆಗೆ ಹೋಗಿಯಾಗಿತ್ತು. ರಾತ್ರಿ ಒಂಬತ್ತೂವರೆಗೆ.